ರೋಬಾಟ್ ಕೊಲ್ಲುವಂತಿಲ್ಲ, ಮನುಷ್ಯ ಅಲ್ಲಿಗೆ ಹೋಗುವಂತಿಲ್ಲ: ಅಸಿಮೋವ್ ಕುರಿತು ಓದುಗರ ಪ್ರಶ್ನೆಗಳು

ವೈಜ್ಞಾನಿಕ ಕಥೆ ಮತ್ತು ಪತ್ತೇದಾರಿ ಕಥೆ ಎರಡರಲ್ಲೂ ಹೆಸರು ಮಾಡಿದ ಐಸಾಕ್ ಅಸಿಮೋವ್ (1920–1992) ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ತಾವೇ ಬರೆಯಲು ಹೊರಟವರದ್ದು. ಹಾಗಾಗಿ ಉತ್ತರಗಳಲ್ಲೂ ಕಸುಬಿನ ಮಾತೇ ಜಾಸ್ತಿ. ಒಂದು ಎಚ್ಚರಿಕೆ: ಮೊದಲೆರಡು ಉತ್ತರಗಳಲ್ಲಿ 'ದಿ ಕೇವ್ಸ್ ಆಫ್ ಸ್ಟೀಲ್' ಕಾದಂಬರಿಯ ಗಂಟನ್ನು ಬಿಚ್ಚಿದ್ದೇವೆ. ಕೊಲೆಗಾರ ಯಾರೆಂದು ಹೇಳಿಲ್ಲ, ಕೊಲೆ ಹೇಗಾಯಿತೆಂದು ಹೇಳಿದ್ದೇವೆ. ಅದೂ ಬೇಡ ಎನ್ನುವವರು ಮೂರನೆಯ ಪ್ರಶ್ನೆಯಿಂದ ಓದಿಕೊಳ್ಳಿ.

ಪ್ರಶ್ನೆ: ವೈಜ್ಞಾನಿಕ ಕಥೆಯಲ್ಲಿ ಲೇಖಕ ಏನು ಬೇಕಾದರೂ ಹುಟ್ಟಿಸಬಹುದು. ಕೊನೆಯ ಅಧ್ಯಾಯದಲ್ಲಿ ಯಾವುದೋ ಹೊಸ ಯಂತ್ರ ತಂದು ಕೊಲೆಗಾರನನ್ನು ಹಿಡಿದುಬಿಟ್ಟರೆ ಓದುಗ ಏನು ಮಾಡಬೇಕು? ಇಲ್ಲಿ ನ್ಯಾಯವಾದ ಪತ್ತೇದಾರಿ ಕಥೆ ಸಾಧ್ಯವೇ? (ಓದುಗರು, ಶಿವಮೊಗ್ಗ)

ಉತ್ತರ: ಇದೇ ಆಕ್ಷೇಪವನ್ನು ಜಾನ್ ಕ್ಯಾಂಪ್‌ಬೆಲ್ ಕೂಡ ಎತ್ತಿದ್ದರು. ಅವರು 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕರು, ಅಸಿಮೋವ್‌ಗೆ ಗುರುವಿನ ಸಮಾನ. ಇವೆರಡು ಪ್ರಕಾರಗಳು ಕೂಡುವುದಿಲ್ಲ ಎಂಬುದು ಅವರ ವಾದ. ಅದು ತಪ್ಪೆಂದು ತೋರಿಸುವ ಹಟ ಅಸಿಮೋವ್‌ಗೆ ಇತ್ತು. ಅವಕಾಶ ಬಂದದ್ದು ಇನ್ನೊಬ್ಬ ಸಂಪಾದಕರಿಂದ. 'ಗ್ಯಾಲಕ್ಸಿ' ಪತ್ರಿಕೆಯ ಹೊರೇಸ್ ಗೋಲ್ಡ್ ರೋಬಾಟ್ ಬಗ್ಗೆ ಕಾದಂಬರಿ ಕೇಳಿದರು. ಜನ ಕಿಕ್ಕಿರಿದ ಭೂಮಿ, ಮನುಷ್ಯರ ಕೆಲಸ ಕಿತ್ತುಕೊಳ್ಳುತ್ತಿರುವ ರೋಬಾಟ್‌ಗಳು, ಒಬ್ಬ ಪೊಲೀಸ್ ಪತ್ತೇದಾರ, ಅವನ ಜೊತೆಗಾರನಾಗಿ ಒಂದು ರೋಬಾಟ್. ಹೀಗೆ ಹುಟ್ಟಿದ 'ದಿ ಕೇವ್ಸ್ ಆಫ್ ಸ್ಟೀಲ್' 1953ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಧಾರಾವಾಹಿಯಾಗಿ ಬಂದು 1954ರಲ್ಲಿ ಪುಸ್ತಕವಾಯಿತು.

ಗಂಟು ಹೀಗಿದೆ. ಭವಿಷ್ಯದ ನ್ಯೂಯಾರ್ಕ್ ಸಂಪೂರ್ಣ ಮುಚ್ಚಿದ ನಗರ. ಜನ ಹುಟ್ಟಿದಾಗಿನಿಂದ ಛಾವಣಿಯ ಕೆಳಗೇ ಇದ್ದವರು, ಬಯಲಿಗೆ ಕಾಲಿಡುವುದೆಂದರೆ ಅವರಿಗೆ ಸಹಿಸಲಾಗದ ಭಯ. ಪಕ್ಕದಲ್ಲೇ ಬೇರೆ ಗ್ರಹಗಳಿಂದ ಬಂದವರ ಪುಟ್ಟ ಊರು. ಅಲ್ಲಿಗೆ ಹೋಗುವ ಬಾಗಿಲಲ್ಲಿ ಆಯುಧ ಒಪ್ಪಿಸಿಯೇ ಒಳಗೆ ಹೋಗಬೇಕು. ಆ ಊರಿನ ವಿಜ್ಞಾನಿಯೊಬ್ಬ ಕೊಲೆಯಾಗುತ್ತಾನೆ, ಆಯುಧ ಸಿಗುವುದಿಲ್ಲ. ಬಾಗಿಲಿಂದ ಆಯುಧ ತರಲಾಗದು. ಬಯಲಿನಿಂದ ನಡೆದು ಬರಲು ನಗರದ ಯಾವ ಮನುಷ್ಯನಿಗೂ ಆಗದು. ರೋಬಾಟ್ ಬಯಲು ದಾಟಬಲ್ಲದು, ಆದರೆ ಮನುಷ್ಯನನ್ನು ಕೊಲ್ಲಲಾರದು.

ಪ್ರಶ್ನೆ: ಹಾಗಾದರೆ ಈ ಗಂಟನ್ನು ಅಸಿಮೋವ್ ಬಿಡಿಸಿದ್ದು ಹೇಗೆ?

ಉತ್ತರ: ಕೆಲಸವನ್ನು ಎರಡು ತುಂಡು ಮಾಡಿದ್ದಾರೆ. ಏನನ್ನು ಹೊತ್ತಿದ್ದೇನೆ, ಏಕೆ ಹೊತ್ತಿದ್ದೇನೆ ಎಂದು ತಿಳಿಯದ ರೋಬಾಟ್ ಬಯಲು ದಾಟಿ ಆಯುಧ ತರುತ್ತದೆ. ಬರಿಗೈಯಲ್ಲಿ ಬಾಗಿಲಿಂದ ಬಂದ ಮನುಷ್ಯ ಅದನ್ನು ತೆಗೆದುಕೊಂಡು ಕೊಲ್ಲುತ್ತಾನೆ, ರೋಬಾಟ್ ಆಯುಧವನ್ನು ವಾಪಸ್ ಒಯ್ಯುತ್ತದೆ.

ಇಲ್ಲಿ ಹೊಸ ಯಂತ್ರ ಯಾವುದೂ ಬಂದಿಲ್ಲ ನೋಡಿ. ಉತ್ತರಕ್ಕೆ ಬೇಕಾದ ಮೂರೂ ಸಂಗತಿ (ಬಯಲಿನ ಭಯ, ಬಾಗಿಲಿನ ತಪಾಸಣೆ, ರೋಬಾಟ್ ನಿಯಮ) ಓದುಗನ ಕೈಯಲ್ಲಿ ಮೊದಲೇ ಇವೆ. ಕ್ಯಾಂಪ್‌ಬೆಲ್ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಜವಾಬು ಇಲ್ಲ. ಲೇಖಕ ಏನನ್ನು ಬೇಕಾದರೂ ಹುಟ್ಟಿಸಬಹುದು, ನಿಜ. ಆದರೆ ಹುಟ್ಟಿಸುವುದನ್ನೆಲ್ಲ ಕೊಲೆಯ ಆಸುಪಾಸಿನಲ್ಲೇ ಹುಟ್ಟಿಸಿ ಮುಗಿಸಬೇಕು. ಆಮೇಲೆ ಅವನ ಕೈ ಕಟ್ಟಿರಬೇಕು. ಮುಂದಿನ ಕಾದಂಬರಿ 'ದಿ ನೇಕೆಡ್ ಸನ್' 1956ರಲ್ಲಿ ಧಾರಾವಾಹಿಯಾಗಿ ಬಂದದ್ದು ಅದೇ ಕ್ಯಾಂಪ್‌ಬೆಲ್ ಅವರ ಪತ್ರಿಕೆಯಲ್ಲಿ.

ಪ್ರಶ್ನೆ: ನನ್ನ ಕಥೆ 24ನೇ ಶತಮಾನದಲ್ಲಿ ನಡೆಯುತ್ತದೆ. ಆ ಜಗತ್ತಿನ ಕಾನೂನು, ಯಂತ್ರಗಳನ್ನು ವಿವರಿಸುವುದಕ್ಕೇ ಮೂರು ಪುಟ ಹೋಗುತ್ತಿದೆ. ಓದಿದವರೆಲ್ಲ ಅಲ್ಲಿಗೇ ನಿಲ್ಲಿಸಿದರು. ಅಸಿಮೋವ್ ಹೇಗೆ ಸಂಭಾಳಿಸುತ್ತಿದ್ದರು? (ಬಿ.ಇ. ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಪತ್ತೇದಾರನ ತಪ್ಪು ಊಹೆಗಳ ಮೂಲಕ. ಇದು ಅವರ ಕಸುಬಿನಲ್ಲೇ ಅತ್ಯಂತ ಜಾಣ ಉಪಾಯ, ಆದರೂ ಇದರ ಬಗ್ಗೆ ಮಾತಾಡುವವರು ಕಡಿಮೆ.

'ಕೇವ್ಸ್' ಕಾದಂಬರಿಯ ಪತ್ತೇದಾರ ಎಲಾಯ್ಜಾ ಬೇಯ್ಲಿ ಎರಡು ಸಲ ಎಲ್ಲರ ಮುಂದೆ ಗಟ್ಟಿಯಾಗಿ ಆರೋಪ ಮಾಡಿ ಎರಡು ಸಲವೂ ಸೋಲುತ್ತಾನೆ. ಮೊದಲು, ತನ್ನ ಜೊತೆಗಾರ ಡೇನೀಲ್ ರೋಬಾಟೇ ಅಲ್ಲ, ಸತ್ತನೆಂದು ಹೇಳಲಾದ ವಿಜ್ಞಾನಿಯೇ ಇವನು, ಕೊಲೆಯೇ ನಡೆದಿಲ್ಲ ಎನ್ನುತ್ತಾನೆ. ಡೇನೀಲ್ ತನ್ನ ತೋಳನ್ನು ಬಿಚ್ಚಿ ಒಳಗಿನ ಲೋಹ ತೋರಿಸುತ್ತದೆ. ಎರಡನೇ ಸಲ, ಇದು ರೋಬಾಟೇ ಸರಿ, ಆದರೆ ಇದರೊಳಗೆ ಮನುಷ್ಯನಿಗೆ ಹಾನಿ ಮಾಡಬಾರದೆಂಬ ಮೊದಲನೆಯ ನಿಯಮ ಕೂತಿಲ್ಲ ಎನ್ನುತ್ತಾನೆ. ಆಗ ತಜ್ಞನೊಬ್ಬ ಬಂದು ಆ ನಿಯಮ ಮಿದುಳಿನ ರಚನೆಯಲ್ಲೇ ಏಕೆ ಬೆಸೆದುಕೊಂಡಿರುತ್ತದೆ ಎಂದು ಪರೀಕ್ಷೆ ಮಾಡಿ ಹೇಳುತ್ತಾನೆ. ಎರಡೂ ದೃಶ್ಯಗಳಲ್ಲಿ ಓದುಗನಿಗೆ ಸಿಗುವುದು ವಿವರಣೆಯೇ. ಆದರೆ ಅದನ್ನು ಅವನು ಜಗಳ ನೋಡುವ ಆಸಕ್ತಿಯಿಂದ ಓದುತ್ತಾನೆ, ಏಕೆಂದರೆ ನಾಯಕನ ಮಾನ ಪಣಕ್ಕಿದೆ.

ನಿಮ್ಮ ಕಥೆಗೆ ಹೀಗೆ ಮಾಡಿ. ಆ ಜಗತ್ತಿನ ಎಲ್ಲ ನಿಯಮಗಳನ್ನೂ ಬೇರೆ ಹಾಳೆಯಲ್ಲಿ ಬರೆದು, ಕೊಲೆಗಾರನನ್ನು ಹಿಡಿಯಲು ಬೇಕಾದವಕ್ಕೆ ಮಾತ್ರ ಗುರುತು ಹಾಕಿ. ಸಣ್ಣ ಕಥೆಗೆ ಅಂಥವು ಎರಡು ಸಾಕು, ಮೂರು ದಾಟಿದರೆ ಓದುಗ ಜಾಡು ತಪ್ಪುತ್ತಾನೆ. ಗುರುತು ಬಿದ್ದ ಪ್ರತಿ ನಿಯಮವೂ ಕಥೆಯ ಅರ್ಧ ಮುಗಿಯುವುದರೊಳಗೆ ಎರಡು ಕಡೆ ಬರಲಿ: ಒಮ್ಮೆ ಯಾರದೋ ಬಾಯಲ್ಲಿ, ಒಮ್ಮೆ ಘಟನೆಯಾಗಿ. ಗುರುತು ಬೀಳದವನ್ನು ಒಂದು ವಾಕ್ಯಕ್ಕೆ ಇಳಿಸಿ ಅಥವಾ ಹೊಡೆದುಹಾಕಿ. ಮೂರು ಪುಟದಲ್ಲಿ ಎರಡೂವರೆ ಪುಟ ಅಲ್ಲೇ ಉದುರುತ್ತದೆ.

ನಿಯಮದ ಮಾತುಗಳನ್ನು ಅಳೆದು ಬರೆಯಿರಿ. ರೋಬಾಟಿನ ಮೂರು ನಿಯಮಗಳು ಅಚ್ಚುಕಟ್ಟಾಗಿ ಮೊದಲು ಬಂದದ್ದು 1942ರ ಮಾರ್ಚ್‌ನಲ್ಲಿ ಪ್ರಕಟವಾದ 'ರನ್‌ಅರೌಂಡ್' ಕಥೆಯಲ್ಲಿ. ಮನುಷ್ಯನಿಗೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿಯಾಗಲೂ ಬಿಡಬಾರದು. ಇದಕ್ಕೆ ಅಡ್ಡಿಯಾಗದಿದ್ದರೆ ಮನುಷ್ಯ ಹೇಳಿದಂತೆ ಕೇಳಬೇಕು. ಈ ಎರಡಕ್ಕೂ ಅಡ್ಡಿಯಾಗದಿದ್ದರೆ ತನ್ನನ್ನು ಕಾಪಾಡಿಕೊಳ್ಳಬೇಕು. ಇಷ್ಟೇ. ಆದರೆ 'ದಿ ನೇಕೆಡ್ ಸನ್' ಕಾದಂಬರಿಯಲ್ಲಿ ಬೇಯ್ಲಿ ಇದರಲ್ಲೊಂದು ಬಿರುಕು ಹುಡುಕುತ್ತಾನೆ. 'ತನಗೆ ತಿಳಿದಂತೆ' ಹಾನಿ ಮಾಡಬಾರದು ಎಂದಷ್ಟೇ ಅದರ ಅರ್ಥ. ಒಂದು ರೋಬಾಟ್ ಲೋಟಕ್ಕೆ ಪುಡಿ ಬೆರೆಸಿದರೆ, ಇನ್ನೊಂದು ಆ ಲೋಟವನ್ನು ಅತಿಥಿಗೆ ಕೊಟ್ಟರೆ, ಎರಡಕ್ಕೂ ತಾವು ಕೊಲ್ಲುತ್ತಿದ್ದೇವೆಂದು ಗೊತ್ತಾಗದು. ಒಂದೇ ನಿಯಮದ ಸಂದುಗಳಿಂದ ನಲವತ್ತು ವರ್ಷ ಕಥೆ ತೆಗೆದರು.

ಪ್ರಶ್ನೆ: ಕಥೆಯಲ್ಲಿ ಬಳಸಿದ ವಿಜ್ಞಾನ ಮುಂದೆ ಸುಳ್ಳಾದರೆ? (ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಅಸಿಮೋವ್‌ಗೇ ಆಗಿದೆ. 1956ರ 'ದಿ ಡೈಯಿಂಗ್ ನೈಟ್' ಕಥೆಯಲ್ಲಿ ಮೂವರು ಖಗೋಳ ವಿಜ್ಞಾನಿಗಳು ಭೂಮಿಗೆ ಬಂದಿರುತ್ತಾರೆ, ಒಬ್ಬ ಚಂದ್ರನಿಂದ, ಒಬ್ಬ ಬುಧ ಗ್ರಹದಿಂದ, ಒಬ್ಬ ಸಿರೀಸ್ ಕ್ಷುದ್ರಗ್ರಹದಿಂದ. ಕದ್ದ ಫಿಲ್ಮನ್ನು ಕಳ್ಳ ರಾತ್ರಿ ಹೊತ್ತು ಹೊರಗಡೆ ಅಡಗಿಸಿಡುತ್ತಾನೆ, ಬೆಳಗಾದರೆ ಬಿಸಿಲು ಬಿದ್ದು ಹಾಳಾಗುತ್ತದೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಅಂದರೆ ಅವನು ಎಂದೂ ಬೆಳಗಾಗದ ಜಾಗದಲ್ಲಿ ಇದ್ದವನು. ಬುಧ ಗ್ರಹ ಒಂದೇ ಮುಖವನ್ನು ಸದಾ ಸೂರ್ಯನಿಗೆ ತೋರುತ್ತದೆ, ಇನ್ನೊಂದು ಬದಿ ಶಾಶ್ವತ ಕತ್ತಲೆ ಎಂದೇ ಆಗ ಎಲ್ಲರೂ ನಂಬಿದ್ದರು. 1965ರಲ್ಲಿ ರೇಡಾರ್ ಅಳತೆಯಿಂದ ಬುಧ ಸುಮಾರು 59 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ ಎಂದು ಗೊತ್ತಾಯಿತು. ಶಾಶ್ವತ ಕತ್ತಲೆ ಹೋಯಿತು, ಜೊತೆಗೆ ಕಥೆಯ ಸುಳಿವೂ ಹೋಯಿತು.

ಅವರು ಕಥೆಯನ್ನು ತಿದ್ದಲಿಲ್ಲ. 1968ರಲ್ಲಿ 'ಅಸಿಮೋವ್ಸ್ ಮಿಸ್ಟರೀಸ್' ಸಂಕಲನಕ್ಕೆ ಸೇರಿಸುವಾಗ ನಡೆದದ್ದನ್ನು ಟಿಪ್ಪಣಿಯಲ್ಲಿ ತಿಳಿಸಿ ಹಾಗೇ ಬಿಟ್ಟರು. ಅದೇ ಸರಿ ಎಂದು ನಮಗೂ ಅನ್ನಿಸುತ್ತದೆ, ಬರೆದಾಗಿನ ವಿಜ್ಞಾನಕ್ಕೆ ಕಥೆ ನಿಷ್ಠವಾಗಿತ್ತು. ಆದರೂ ಹೊಸಬರು ಕೊಲೆಯ ಕೀಲಿಯನ್ನು ಇನ್ನೂ ಅಳತೆಗೆ ಸಿಗದ ಸಂಗತಿಯ ಮೇಲೆ ನಿಲ್ಲಿಸದಿರುವುದು ಒಳ್ಳೆಯದು. ಹಿನ್ನೆಲೆಗೆ ಊಹೆ ಇರಲಿ, ಸುಳಿವಿಗೆ ಗಟ್ಟಿ ಭೌತಶಾಸ್ತ್ರ, ರಸಾಯನಶಾಸ್ತ್ರ ಇರಲಿ. ಅದಕ್ಕಿಂತ ಬಾಳಿಕೆ ಬರುವುದು ಮನುಷ್ಯನ ಅಭ್ಯಾಸ. ಬಯಲು ಕಂಡರೆ ನಡುಗುವ ನಗರದ ಜನರನ್ನು ಯಾವ ರೇಡಾರೂ ಸುಳ್ಳು ಮಾಡಿಲ್ಲ.

ಪ್ರಶ್ನೆ: ಬರವಣಿಗೆಯನ್ನೇ ನಂಬಿ ಬದುಕಬಹುದೇ? ಅಸಿಮೋವ್ ಕೆಲಸ ಬಿಟ್ಟದ್ದು ಯಾವಾಗ? (ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಉತ್ತರ: ಮೊದಲು ಅಂಕಿಗಳನ್ನು ನೋಡಿ. ಬ್ರೂಕ್ಲಿನ್‌ನಲ್ಲಿ ಅವರ ತಂದೆಯದು ಮಿಠಾಯಿ, ಪತ್ರಿಕೆ ಮಾರುವ ಅಂಗಡಿ. ಅಲ್ಲಿಗೆ ಬರುತ್ತಿದ್ದ ಅಗ್ಗದ ಕಥಾಪತ್ರಿಕೆಗಳೇ ಹುಡುಗನಿಗೆ ಪಾಠಶಾಲೆ. 1938ರ ಜೂನ್‌ನಲ್ಲಿ, 18ನೇ ವಯಸ್ಸಿನಲ್ಲಿ, ಮೊದಲ ಕಥೆಯನ್ನು ತಾನೇ ಒಯ್ದು ಕ್ಯಾಂಪ್‌ಬೆಲ್ ಕೈಗೆ ಕೊಟ್ಟರು. ಅದು ಕಾರಣಸಮೇತ ವಾಪಸ್ ಬಂತು. ಮೊದಲು ಮಾರಾಟವಾದದ್ದು ಬೇರೆ ಪತ್ರಿಕೆಗೆ, 64 ಡಾಲರಿಗೆ. ಆಗಿನ ದರ ಪದಕ್ಕೆ ಒಂದು ಸೆಂಟ್. 1941ರಲ್ಲಿ 'ನೈಟ್‌ಫಾಲ್' ಕಥೆಗೆ ಕ್ಯಾಂಪ್‌ಬೆಲ್ ಪದಕ್ಕೆ ಒಂದೂಕಾಲು ಸೆಂಟ್ ಕೊಟ್ಟಾಗ, ಲೆಕ್ಕ ತಪ್ಪಿ ಹೆಚ್ಚು ಬಂದಿದೆ ಎಂದುಕೊಂಡು ಅಸಿಮೋವ್ ಫೋನ್ ಮಾಡಿ ತಿಳಿಸಿದರು. ಮೊದಲ ಹನ್ನೊಂದು ವರ್ಷದ ಒಟ್ಟು ಗಳಿಕೆ ಎಂಟು ಸಾವಿರ ಡಾಲರಿಗೂ ಕಡಿಮೆ.

ಈ ನಡುವೆ ಅವರು ಓದು ಬಿಡಲಿಲ್ಲ. 1948ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ., 1949ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಅಧ್ಯಾಪಕ ಹುದ್ದೆ. ಮೊದಲ ಕಾದಂಬರಿ ಪುಸ್ತಕವಾದದ್ದು 1950ರಲ್ಲಿ. 1952ರ ಹೊತ್ತಿಗೆ ಬರವಣಿಗೆಯ ಆದಾಯ ಸಂಬಳವನ್ನು ದಾಟಿತು. ಆದರೂ ಪೂರ್ಣಾವಧಿ ಬರವಣಿಗೆಗೆ ಇಳಿದದ್ದು 1958ರಲ್ಲಿ. ಅಂದರೆ ಸಂಬಳಕ್ಕಿಂತ ಹೆಚ್ಚು ದುಡಿಯಲು ಶುರುಮಾಡಿದ ಮೇಲೂ ಆರು ವರ್ಷ ಕಾದಿದ್ದಾರೆ. ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಆ ಆರು ವರ್ಷದಲ್ಲಿದೆ.

ಇನ್ನೊಂದು ಮುಖ್ಯ ವಿಷಯ ಹಕ್ಕು. 'ಫೌಂಡೇಶನ್' ಸರಣಿ 1942ರಿಂದ 1950ರವರೆಗೆ ಪತ್ರಿಕೆಯಲ್ಲಿ ಕಥೆಗಳಾಗಿ ಬಂದು, 1951ರಿಂದ 53ರೊಳಗೆ ಮೂರು ಪುಸ್ತಕಗಳಾಯಿತು. ಪ್ರಕಟಿಸಿದ ಸಣ್ಣ ಪ್ರಕಾಶನದಿಂದ ಗೌರವಧನ ಸರಿಯಾಗಿ ಬರಲಿಲ್ಲ. 1961ರಲ್ಲಿ ದೊಡ್ಡ ಪ್ರಕಾಶನವೊಂದು ಹಕ್ಕನ್ನು ಬಿಡಿಸಿಕೊಂಡ ಮೇಲೆಯೇ ಅದು ಅವರಿಗೆ ಅನ್ನ ಹಾಕಿದ್ದು. ನೀವು ಸಹಿ ಹಾಕುವಾಗ ಒಪ್ಪಂದದಲ್ಲಿ ಅವಧಿ, ಪ್ರದೇಶ, ಗೌರವಧನದ ಪ್ರಮಾಣ ಮೂರೂ ಇವೆಯೇ ನೋಡಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದೂ ಅರ್ಥ. ಪುಸ್ತಕ, ಧಾರಾವಾಹಿ, ಸಿನಿಮಾ, ಆಡಿಯೋ, ಅನುವಾದದ ಹಕ್ಕುಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಡಬೇಡಿ, ಒಂದೊಂದಕ್ಕೂ ಬೇರೆ ಬೆಲೆ ಇದೆ.

1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅವರು ಜನಪ್ರಿಯ ವಿಜ್ಞಾನದತ್ತ ತಿರುಗಿದರು, ಹದಿನೈದು ವರ್ಷ ಕಾದಂಬರಿ ತೀರಾ ವಿರಳ. 1972ರ 'ದಿ ಗಾಡ್ಸ್ ದೆಮ್ಸೆಲ್ವ್ಸ್' ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ತಂದಿತು. ಮೊದಲ ಬಾರಿ ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟದ ಪಟ್ಟಿ ಸೇರಿದ್ದು 1982ರ 'ಫೌಂಡೇಶನ್ಸ್ ಎಜ್' ಕಾದಂಬರಿಯಿಂದ, 62ನೇ ವಯಸ್ಸಿನಲ್ಲಿ.

ಪ್ರಶ್ನೆ: ವಿಜ್ಞಾನ ಇಲ್ಲದ ಶುದ್ಧ ಪತ್ತೇದಾರಿ ಕಥೆಗಳನ್ನೂ ಬರೆದಿದ್ದಾರೆಯೇ? (ಓದುಗರು, ಮಂಗಳೂರು)

ಉತ್ತರ: ಧಾರಾಳವಾಗಿ. 1958ರ 'ದಿ ಡೆತ್ ಡೀಲರ್ಸ್' (ಮುಂದೆ 'ಎ ವಿಫ್ ಆಫ್ ಡೆತ್' ಎಂದು ಹೆಸರು ಬದಲಾಯಿತು) ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ನಡೆಯುತ್ತದೆ. ಸಂಶೋಧನಾ ವಿದ್ಯಾರ್ಥಿ ಬಳಸಬೇಕಿದ್ದ ಸೋಡಿಯಂ ಅಸಿಟೇಟ್ ಜಾಗದಲ್ಲಿ ಸೋಡಿಯಂ ಸೈನೈಡ್ ಇರುತ್ತದೆ. ನೋಡಲು ಎರಡೂ ಬಿಳಿ ಪುಡಿ. ಇದು ಕೈತಪ್ಪೋ ಕೊಲೆಯೋ ಎಂಬುದು ಪ್ರಯೋಗಾಲಯದ ಶಿಸ್ತು ಗೊತ್ತಿದ್ದವರಿಗೆ ಮಾತ್ರ ತಿಳಿಯುವ ವಿಷಯ. ಲೇಖಕ ತನ್ನ ವೃತ್ತಿಯ ಕೋಣೆಯನ್ನೇ ಕಥೆಯ ಕೋಣೆ ಮಾಡಿಕೊಂಡರೆ ಎಷ್ಟು ಬಲ ಬರುತ್ತದೆ ಎಂಬುದಕ್ಕೆ ಇದನ್ನು ಓದಬೇಕು.

ಆದರೆ ಅವರ ನಿಜವಾದ ಪ್ರೀತಿ 'ಬ್ಲ್ಯಾಕ್ ವಿಡೋವರ್ಸ್' ಕಥೆಗಳು. ಮೊದಲನೆಯದು 1972ರ ಜನವರಿಯ 'ಎಲ್ಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜಿನ್'ನಲ್ಲಿ ಬಂತು. ನಂತರ ಅರವತ್ತಕ್ಕೂ ಹೆಚ್ಚು ಕಥೆಗಳು, ಆರು ಸಂಕಲನಗಳು. ಅಸಿಮೋವ್ ಸದಸ್ಯರಾಗಿದ್ದ ನ್ಯೂಯಾರ್ಕಿನ 'ಟ್ರ್ಯಾಪ್ ಡೋರ್ ಸ್ಪೈಡರ್ಸ್' ಎಂಬ ಊಟದ ಕೂಟವೇ ಇದಕ್ಕೆ ಮಾದರಿ. ಆರು ಜನ ಸದಸ್ಯರು: ಪೇಟೆಂಟ್ ವಕೀಲ, ಗುಪ್ತಲಿಪಿ ತಜ್ಞ, ಲೇಖಕ, ರಸಾಯನಶಾಸ್ತ್ರಜ್ಞ, ಚಿತ್ರಕಾರ, ಗಣಿತದ ಮೇಷ್ಟ್ರು. ತಿಂಗಳಿಗೊಮ್ಮೆ ಹೋಟೆಲಿನಲ್ಲಿ ಊಟ. ಆತಿಥ್ಯದ ಸರದಿ ಇದ್ದವರು ಒಬ್ಬ ಅತಿಥಿಯನ್ನು ಕರೆತರುತ್ತಾರೆ. ಊಟವಾದ ಮೇಲೆ ಅತಿಥಿಗೆ ಪ್ರಶ್ನೆ: ನಿಮ್ಮ ಇರವಿಗೆ ಏನು ಸಮರ್ಥನೆ? ಅಲ್ಲಿಂದ ಅವನ ಬದುಕಿನ ಬಗೆಹರಿಯದ ಒಗಟು ಹೊರಬರುತ್ತದೆ. ಆರೂ ಜನ ತಮ್ಮ ವಿದ್ಯೆಗೆ ತಕ್ಕಂತೆ ಊಹಿಸಿ ಸೋಲುತ್ತಾರೆ. ಕೊನೆಗೆ ಅಷ್ಟೂ ಹೊತ್ತು ತಟ್ಟೆ ಎತ್ತುತ್ತ ಕೇಳಿಸಿಕೊಂಡ ಸಪ್ಲೈಯರ್ ಹೆನ್ರಿ ಮೆಲ್ಲಗೆ ಬಿಡಿಸುತ್ತಾನೆ.

ಪ್ರತಿ ತಿಂಗಳು ಕಥೆ ಬರೆಯಬೇಕಾದವರಿಗೆ ಈ ಚೌಕಟ್ಟಿನಷ್ಟು ಉಪಕಾರಿ ಬೇರೊಂದಿಲ್ಲ. ಒಂದೇ ಕೋಣೆ, ಗೊತ್ತಿರುವ ಪಾತ್ರಗಳು, ಹೊಸದಾಗಿ ಬೇಕಾದದ್ದು ಅತಿಥಿ ಮತ್ತು ಒಗಟು ಮಾತ್ರ. ರಕ್ತ ಹರಿಯಬೇಕಿಲ್ಲ. ಕೆಡುವುದು ಎಲ್ಲೆಂದರೆ, ಹಲವು ಕಥೆಗಳ ಉತ್ತರ ಇಂಗ್ಲಿಷ್ ಕಾಗುಣಿತಕ್ಕೋ ಅಮೆರಿಕದ ಯಾವುದೋ ವಿವರಕ್ಕೋ ಅಂಟಿಕೊಂಡಿದೆ, ಅನುವಾದಿಸಿದರೆ ಸಪ್ಪೆಯಾಗುತ್ತದೆ. ಹಾಗಾಗಿ ಚೌಕಟ್ಟನ್ನು ತೆಗೆದುಕೊಳ್ಳಿ, ಒಗಟನ್ನು ನಮ್ಮ ಊರಿನಿಂದ ಹೆಕ್ಕಿ. ಒಂದು ಹಳೆಯ ಕರಾರುಪತ್ರದಲ್ಲಿ 'ಪ್ರಭವ ಸಂವತ್ಸರ' ಎಂದಷ್ಟೇ ಇದೆ ಎನ್ನಿ. ಸಂವತ್ಸರ ಚಕ್ರ ಅರವತ್ತು ವರ್ಷದ್ದು. ಅದು 1927ರಲ್ಲಿ ಶುರುವಾದ ಪ್ರಭವವೋ, 1987ರದ್ದೋ? ಆಸ್ತಿ ಯಾರದ್ದೆಂಬುದು ಅದರ ಮೇಲೆ ನಿಂತಿದ್ದರೆ ಆರು ಜನ ವಾದಿಸಲು ಒಂದು ಸಂಜೆಗೆ ಸಾಕು. ಕಾಗದ, ಶಾಯಿ, ಅಳತೆಯ ಮಾನ, ಎಕರೆ ಗುಂಟೆಯೋ ಹೆಕ್ಟೇರೋ, ಎಲ್ಲ ಸುಳಿವುಗಳೇ.

ಪ್ರಶ್ನೆ: ಐನೂರು ಪುಸ್ತಕ ಒಬ್ಬರಿಂದ ಹೇಗೆ ಸಾಧ್ಯ? (ಓದುಗರು, ಮೈಸೂರು)

ಉತ್ತರ: ಆ ಲೆಕ್ಕದಲ್ಲಿ ಅವರು ಸಂಪಾದಿಸಿದ ಸಂಕಲನಗಳೂ ಸೇರಿವೆ, ಅದು ನೆನಪಿರಲಿ. ಉಳಿದದ್ದು ಅಭ್ಯಾಸದ ಫಲ. ನಿಮಿಷಕ್ಕೆ 90 ಪದ ಟೈಪ್ ಮಾಡುತ್ತಿದ್ದರು. ಕರಡು ಎರಡೇ: ಒಂದು ಬರೆಯಲು, ಇನ್ನೊಂದು ತಿದ್ದಿ ಪ್ರತಿ ಮಾಡಲು. ಒಂದು ಪುಸ್ತಕ ಮುಂದೆ ಸಾಗದಿದ್ದರೆ ಕೂತು ಕೊರಗದೆ ಅರ್ಧವಾಗಿದ್ದ ಇನ್ನೊಂದಕ್ಕೆ ಹೋಗುತ್ತಿದ್ದರು. ಕಥೆ ಶುರುಮಾಡುವ ಮುನ್ನ ಸಮಸ್ಯೆ ಮತ್ತು ಅದರ ಪರಿಹಾರ ಗೊತ್ತಿರುತ್ತಿತ್ತು, ನಡುವಿನ ದಾರಿಯನ್ನು ಬರೆಯುತ್ತ ಹುಡುಕುತ್ತಿದ್ದರು. ಪತ್ತೇದಾರಿ ಬರೆಯುವವರು ಇದೊಂದನ್ನಾದರೂ ಕಲಿಯಬೇಕು, ಕೊನೆ ಗೊತ್ತಿಲ್ಲದೆ ಹೊರಟರೆ ಸುಳಿವು ಬಿತ್ತಲಾಗುವುದಿಲ್ಲ. ಈ ವೇಗದ ಬೆಲೆಯೂ ಕಾಣಿಸುತ್ತದೆ. ಅವರ ಪಾತ್ರಗಳು ಬಹಳ ಮಾತಾಡುತ್ತವೆ, ಊರು, ಮುಖ, ಹವೆ ಕಣ್ಣಿಗೆ ಕಟ್ಟುವುದು ಅಪರೂಪ.

ಪ್ರಶ್ನೆ: ಮಹಿಳೆಯರೊಂದಿಗೆ ಅವರ ವರ್ತನೆ ಸರಿಯಿರಲಿಲ್ಲ ಎಂದು ಓದಿದೆ. ನಿಜವೇ? (ಓದುಗರು, ಬೆಂಗಳೂರು)

ಉತ್ತರ: ನಿಜ. ಸಮ್ಮೇಳನಗಳಲ್ಲಿ ಮಹಿಳೆಯರನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟುತ್ತಿದ್ದರು ಎಂಬುದು ಆ ಕಾಲದ ಹಲವರ ಬರಹಗಳಲ್ಲಿ ದಾಖಲಾಗಿದೆ. ಸುತ್ತಲಿನವರು ಅದನ್ನು ತಮಾಷೆಯೆಂದು ನಕ್ಕು ಬಿಟ್ಟರು, ಅದರಿಂದ ಅದು ಸಣ್ಣ ತಪ್ಪಾಗುವುದಿಲ್ಲ. ವೃತ್ತಿಜೀವನದ ಚಿತ್ರ ಕೊಡುವಾಗ ಇದನ್ನು ಬಿಟ್ಟರೆ ಆ ಸಮ್ಮೇಳನಗಳಿಗೆ ಬಂದ ಮಹಿಳೆಯರಿಗೆ ಅನ್ಯಾಯ.

ಪ್ರಶ್ನೆ: ಎಲ್ಲಿಂದ ಓದಲು ಶುರುಮಾಡಲಿ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. (ಪಿಯುಸಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಹೆದರಬೇಡಿ, ಅವರ ವಾಕ್ಯಗಳು ಚಿಕ್ಕವು, ಪದಗಳು ಸರಳ. ಮೊದಲು 1950ರ 'ಐ, ರೋಬಾಟ್', ದಿನಕ್ಕೊಂದು ಕಥೆಯಂತೆ. ಮೂರು ನಿಯಮಗಳು ತಲೆಯಲ್ಲಿ ಕೂತ ಮೇಲೆ 'ದಿ ಕೇವ್ಸ್ ಆಫ್ ಸ್ಟೀಲ್', ಆಮೇಲೆ 'ದಿ ನೇಕೆಡ್ ಸನ್'. ಈ ಎರಡನ್ನೂ ಇದೇ ಕ್ರಮದಲ್ಲಿ ಓದಿ. ಬೇಯ್ಲಿ ಮೊದಲನೆಯದರಲ್ಲಿ ಕಲಿತದ್ದು ಎರಡನೆಯದರಲ್ಲಿ ಬೇಕಾಗುತ್ತದೆ. 1983ರ 'ದಿ ರೋಬಾಟ್ಸ್ ಆಫ್ ಡಾನ್' ದಪ್ಪ ಪುಸ್ತಕ, ನಿಧಾನಕ್ಕೆ ಇರಲಿ. 'ಫೌಂಡೇಶನ್' ಓದುವಾಗ ಪ್ರಕಟಣೆಯ ಕ್ರಮವನ್ನೇ ಹಿಡಿಯಿರಿ. ಕಥೆಯ ಕಾಲಕ್ರಮ ಹಿಡಿದು 1988ರ ಪೂರ್ವಕಥೆಯಿಂದ ಶುರುಮಾಡಿದರೆ ಮೊದಲ ಮೂರು ಪುಸ್ತಕಗಳ ಗುಟ್ಟುಗಳಲ್ಲಿ ಕೆಲವು ಅಲ್ಲೇ ಬಯಲಾಗುತ್ತವೆ. ಓದುವಾಗ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು, ಪತ್ತೇದಾರ ಉತ್ತರ ಹೇಳುವ ಅಧ್ಯಾಯಕ್ಕೆ ಮುಂಚೆ ಪುಸ್ತಕ ಮುಚ್ಚಿ, ನಿಮ್ಮ ಉತ್ತರವನ್ನು ಅಂಚಿನಲ್ಲಿ ಬರೆದಿಡಿ.